ಕರಿಯ ನೆಲ, ಬಿಳಿಯ ಅಕ್ಷರ

ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತು, ‘ನಿಮ್ಮ ಕಡತ ಮೇಲಿನವರ ಬಳಿ ಹೋಗಿದೆ’ ಎಂಬುದು. ದಾರ ಕಟ್ಟಿದ ಕಾಗದಗಳ ಕಟ್ಟಿಗೆ ಇಂದು ನಾವು ಕಡತವೆನ್ನುತ್ತೇವೆ. ಆದರೆ ಮೊದಲಿಗೆ ಕಡತದಲ್ಲಿ ಕಾಗದವೇ ಇರಲಿಲ್ಲ. ಅದು ಬಟ್ಟೆಯಾಗಿತ್ತು, ಅದೂ ಕಪ್ಪು ಬಟ್ಟೆ. ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಪುಸ್ತಕದ ಹಾಳೆಗಳಂತೆ ಮಡಿಕೆ ಮಡಿಕೆಯಾಗಿ ಮಡಿಚುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕನ್ನಡ ನಾಡಿನ ವರ್ತಕರು ತಮ್ಮ ಲೆಕ್ಕಪತ್ರಗಳನ್ನು ಹೀಗೆ ಇರಿಸಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ನೂರಾರು ಸಂಖ್ಯೆಯಲ್ಲಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ದಾಖಲಿಸಿದ್ದಾರೆ. ಭಾರತೀಯರು ಬಿಗಿಯಾಗಿ ನೇಯ್ದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಹೇಳಿದುದಾಗಿ ಗ್ರೀಕ್ ಗ್ರಂಥಕಾರ ಸ್ಟ್ರಾಬೋ ಉಲ್ಲೇಖಿಸುತ್ತಾನೆ. ಅಂದರೆ ಬಟ್ಟೆಯ ಮೇಲೆ ಬರೆಯುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದು.

ಇಲ್ಲಿ ನಾನು ಗಮನ ಸೆಳೆಯಬಯಸುವುದು ಬಟ್ಟೆಯ ಕಡೆಗಲ್ಲ, ಅದರ ಬಣ್ಣದ ಕಡೆಗೆ. ಹತ್ತಿಯ ಬಟ್ಟೆ ಹುಟ್ಟಾ ಬಿಳಿಯದು. ಬಳಪವೂ ಬಿಳಿಯದು. ಬಿಳಿಯ ಮೇಲೆ ಬಿಳಿ ಬರೆದರೆ ಬರೆದವನಿಗೂ ಕಾಣದು. ಆದುದರಿಂದ ನಮ್ಮ ಹಿರಿಯರು ಅಕ್ಷರ ಬರೆಯುವುದಕ್ಕೆ ಮೊದಲು ಅಕ್ಷರದ ನೆಲವನ್ನು ಸಿದ್ಧಪಡಿಸಿದರು. ಛಾಯಾಗ್ರಾಹಕರು ‘ಕಾಂಟ್ರಾಸ್ಟ್’ ಎನ್ನುವ ಈ ಗುಣವನ್ನು ನಾನು ತರಗತಿಯಲ್ಲಿ ‘ನೆಲ ಮತ್ತು ಅಕ್ಷರಗಳ ಅಂತರ’ ಎಂದು ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ಈ ಅಂತರದ ಚರಿತ್ರೆಯನ್ನು ಓದಲು ದೂರ ಹೋಗಬೇಕಾಗಿಲ್ಲ. ನಮ್ಮ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳಲ್ಲಿಯೂ ಅವುಗಳ ಸುತ್ತಮುತ್ತಲೂ ಅದರ ಪುಟಗಳು ಹರಡಿಕೊಂಡಿವೆ.

ಮೊದಲನೆಯ ಪುಟ ಕಲ್ಲಿನದು. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿ, ತನ್ನ ಹೆಸರಿನಲ್ಲಿಯೇ ಒಂದು ಶಕೆಯನ್ನು ಆರಂಭಿಸಿದನು. ಆ ಕಾಲದ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ನಮ್ಮ ಭಾಗದಲ್ಲಿ ಎರಡು ಬಗೆಯ ಕಲ್ಲು ಸಿಗುತ್ತದೆ. ಬೀದರ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ಕಲ್ಲು ತೂತು ತೂತಾದುದು, ಅದರಲ್ಲಿ ಸೂಕ್ಷ್ಮವಾದ ಅಕ್ಷರ ನಿಲ್ಲದು. ಕರಿಯ ಕಲ್ಲಿನ ಕಣ ಸಣ್ಣದು, ಉಳಿಯ ಮೊನೆಗೆ ಒಗ್ಗುವಂಥದು. ಆದರೆ ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ತನ್ನದೆಂಬ ಬಣ್ಣವಿಲ್ಲ. ಅಕ್ಷರವೂ ಕಲ್ಲೇ, ನೆಲವೂ ಕಲ್ಲೇ. ಕೊರೆದ ಗೆರೆಯೊಳಗೆ ಬೀಳುವ ನೆರಳೊಂದೇ ಅದರ ಮಸಿ.

ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯವನ್ನು ನೀವು ಬಲ್ಲಿರಿ. ಅದರ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತಿರುವಂತೆ ನಿಂತಿದ್ದಾಳೆ. ಅವಳು ಬರೆಯುತ್ತಿರುವ ಸಾಲುಗಳು ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಒಂಬತ್ತನೆಯ ತರಗತಿಯ ಮಕ್ಕಳನ್ನು ನಾನು ಅಲ್ಲಿಗೆ ಹಲವು ಸಲ ಕರೆದೊಯ್ದಿದ್ದೇನೆ. ನಡುಹಗಲಿನಲ್ಲಿ ಹೋದರೆ ಮಕ್ಕಳಿಗೆ ಶಿಲ್ಪ ಕಾಣುತ್ತಿತ್ತು, ಬರೆಹ ಕಾಣುತ್ತಿರಲಿಲ್ಲ. ಆಗ ಒಂದು ಸಣ್ಣ ಕನ್ನಡಿಯನ್ನು ಹಿಡಿದು, ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಬೀಳಿಸಿ ತೋರಿಸುತ್ತಿದ್ದೆ. ಅಕ್ಷರಗಳು ಒಂದೊಂದಾಗಿ ಎದ್ದು ಬರುತ್ತಿದ್ದವು, ಮಕ್ಕಳು ಕೂಗಿಕೊಳ್ಳುತ್ತಿದ್ದರು. ಕಲ್ಲು ಬದಲಾಗಿರಲಿಲ್ಲ, ಕಣ್ಣೂ ಬದಲಾಗಿರಲಿಲ್ಲ. ನೆಲ ಮತ್ತು ಅಕ್ಷರಗಳ ಅಂತರವಷ್ಟೇ ಹೆಚ್ಚಿತ್ತು.

ಶಾಸನತಜ್ಞರು ಈ ಅಂತರವನ್ನು ಕಾಗದಕ್ಕೆ ಇಳಿಸುವ ಬಗೆ ಇನ್ನೂ ಸೊಗಸಾದುದು. ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕೂದಲಿನ ಬ್ರಷ್‌ನಿಂದ ತಟ್ಟುತ್ತಾರೆ. ಕಾಗದವು ಕೊರೆದ ಗೆರೆಗಳೊಳಗೆ ಇಳಿಯುತ್ತದೆ. ಅನಂತರ ಮಸಿ ಅದ್ದಿದ ಗುಂಡನ್ನು ಮೇಲೆ ಮೇಲೆ ಒತ್ತುತ್ತಾರೆ. ಉಬ್ಬಿದ ಭಾಗಕ್ಕೆಲ್ಲ ಮಸಿ ಹಿಡಿಯುತ್ತದೆ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿ 1958ರಲ್ಲಿ ಹೊರತಂದ ಸಂಪುಟವು ನಮ್ಮ ಭಾಗದ ಚರಿತ್ರೆಗೆ ಬಹು ಮುಖ್ಯವಾದುದು. ಅಂತಹ ಕಾರ್ಯಗಳೆಲ್ಲ ನಿಂತಿರುವುದು ಇಂತಹ ಕರಿಯ ಹಾಳೆಗಳ ಮೇಲೆಯೇ.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬಸವಕಲ್ಯಾಣದ ಕೋಟೆಯಲ್ಲಿ ಮುಸ್ಲಿಂ ಅರಸರ ಕಾಲದ ಶಾಸನಗಳೂ ಇವೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಾಜ್ದಾನಿಯವರು ಅವುಗಳನ್ನು ಅಭ್ಯಾಸ ಮಾಡಿದರು. ಕನ್ನಡ ಶಾಸನಗಳಲ್ಲಿ ಅಕ್ಷರವನ್ನು ತಗ್ಗಾಗಿ ಕೊರೆಯುವುದು ವಾಡಿಕೆ. ದಖ್ಖನಿನ ಅರಬ್ಬಿ, ಫಾರಸಿ ಶಾಸನಗಳಲ್ಲಿ ಸಾಮಾನ್ಯವಾಗಿ ಸುತ್ತಲಿನ ಕಲ್ಲನ್ನು ಕೆತ್ತಿ ತೆಗೆದು ಅಕ್ಷರವನ್ನು ಉಬ್ಬಾಗಿ ಉಳಿಸುತ್ತಾರೆ. ಆದುದರಿಂದ ಪಡಿಯಚ್ಚು ತೆಗೆದಾಗ ಕನ್ನಡವು ಕಪ್ಪಿನ ಮೇಲೆ ಬೆಳ್ಳಗೆ ಬರುತ್ತದೆ, ಫಾರಸಿಯು ಬಿಳಿಯ ಮೇಲೆ ಕಪ್ಪಗೆ ಬರುತ್ತದೆ. ಒಂದೇ ಊರು, ಒಂದೇ ಮಸಿ, ಒಂದೇ ಕಾಗದ. ದಾರಿ ಎರಡಾದರೂ ಓದುವವನಿಗೆ ದೊರೆಯುವ ಅಂತರ ಒಂದೇ.

ಎರಡನೆಯ ಪುಟ ತಾಳೆಗರಿಯದು. ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣ ಕವಿ ಬಂದನು. ಅವನ ನಾಡಿನಲ್ಲಿ ಭೂರ್ಜ ಮರದ ತೊಗಟೆಯ ಮೇಲೆ ಲೇಖನಿಯಿಂದ ಮಸಿಯಲ್ಲಿ ಬರೆಯುತ್ತಿದ್ದರು. ನಮ್ಮ ನಾಡಿನಲ್ಲಿ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುತ್ತಿದ್ದರು. ಆಗತಾನೆ ಕೊರೆದ ಗರಿಯನ್ನು ಹಿಡಿದು ನೋಡಿದರೆ ಉಗುರಿನಿಂದ ಗೀರಿದಂತೆ ತೋರುತ್ತದೆಯೇ ಹೊರತು ಓದಲು ಬರುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿಯೋ ಸೊಪ್ಪಿನ ರಸದಲ್ಲಿಯೋ ಕಲಸಿ ಗರಿಯ ಮೇಲೆ ಸವರಿ ಒರಸಿದಾಗ ಮಸಿಯು ಗೀರುಗಳಲ್ಲಿ ನಿಲ್ಲುತ್ತದೆ, ಮೇಲ್ಮೈ ಮತ್ತೆ ಹೊಂಬಣ್ಣಕ್ಕೆ ಮರಳುತ್ತದೆ. ಕಾಲ ಕಳೆದಂತೆ ಮಸಿ ಮಾಸಿದರೆ ಮತ್ತೊಮ್ಮೆ ಹಚ್ಚಬೇಕು. ಕಲ್ಯಾಣದ ಕ್ರಾಂತಿಯ ಅನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ನಮ್ಮ ಪರಂಪರೆ ಹೇಳುತ್ತದೆ. ಮುಂದೆ ಎಷ್ಟೋ ಮಠಗಳಲ್ಲಿ, ಮನೆಗಳಲ್ಲಿ, ಹೆಸರಿಲ್ಲದ ಕೈಗಳು ಆ ವಚನಗಳನ್ನು ಹೊಸ ಗರಿಗಳಿಗೆ ಇಳಿಸಿ ಕಾಡಿಗೆ ಹಚ್ಚುತ್ತ ಬಂದುದರಿಂದಲೇ ಫ.ಗು. ಹಳಕಟ್ಟಿಯವರಿಗೆ ಅವು ಓದಲು ಸಿಕ್ಕವು, 1923ರಲ್ಲಿ ‘ವಚನಶಾಸ್ತ್ರ ಸಾರ’ವಾಗಿ ಅಚ್ಚಾದವು. ವಚನವನ್ನು ಬರೆದವರನ್ನು ನಾವು ನೆನೆಯುತ್ತೇವೆ. ಕಾಡಿಗೆ ಹಚ್ಚಿದವರನ್ನೂ ನೆನೆಯಬೇಕು.

ಕಾಡಿಗೆಯ ಮಾತು ಬಂದಾಗ ಕಲ್ಯಾಣದ ಇನ್ನೊಬ್ಬ ಅರಸನನ್ನು ಬಿಡಲಾಗದು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಭಿತ್ತಿಚಿತ್ರದ ವಿಧಾನವನ್ನು ವಿವರವಾಗಿ ಹೇಳಿದ್ದಾನೆ. ಗೋಡೆಯನ್ನು ನಯಗೊಳಿಸಿ, ಬೆಳ್ಳಗಿನ ಲೇಪ ಕೊಟ್ಟು, ಅನಂತರ ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದು ಅದರಿಂದ ರೇಖೆ ಎಳೆಯಬೇಕೆನ್ನುತ್ತಾನೆ. ಬಿಳುಪಿಗೆ ಶಂಖ, ಕಪ್ಪಿಗೆ ಕಾಡಿಗೆ. ಒಂದು ಮುಷ್ಟಿ ಅನ್ನ, ಒಂದು ದೀಪದ ಮಸಿ ಸೇರಿದರೆ ಒಂದು ಪೆನ್ಸಿಲ್ಲು. ಚಕ್ರವರ್ತಿಯು ಬರೆದ ಗ್ರಂಥದಲ್ಲಿಯೂ ಮೊದಲು ನೆಲ, ಆಮೇಲೆ ರೇಖೆ. ವರ್ತಕನ ಕಡತದಲ್ಲಿಯೂ ಅದೇ ಕ್ರಮ.

ನಮ್ಮ ಜಿಲ್ಲೆಗೆ ಹೆಸರು ತಂದ ಬಿದರಿ ಕಲೆಯೂ ಇದೇ ಪಾಠವನ್ನು ಹೇಳುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯು ಮೊದಲು ಬೂದುಬಿಳುಪಾಗಿರುತ್ತದೆ. ಅದರ ಮೇಲೆ ಮೊನೆಯಿಂದ ಚಿತ್ರ ಗೀರಿದರೆ ಕಾಣದು. ಆದುದರಿಂದ ಕುಶಲಕರ್ಮಿಯು ಮೈಲುತುತ್ತದ ನೀರು ಹಚ್ಚಿ ಪಾತ್ರೆಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾನೆ. ಆಗ ಗೀರಿದ ಗೆರೆಗಳು ಹೊಳೆಯುತ್ತವೆ, ಅವುಗಳನ್ನು ಅನುಸರಿಸಿ ಕೊರೆದು ಬೆಳ್ಳಿಯನ್ನು ಕೂರಿಸುತ್ತಾನೆ. ಪಾತ್ರೆಯನ್ನು ಉಜ್ಜಿ ನಯ ಮಾಡುವಾಗ ಆ ಕಪ್ಪು ಹೋಗುತ್ತದೆ. ಕೊನೆಗೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಒಮ್ಮೆ ಮಾಡುವವನ ಕಣ್ಣಿಗಾಗಿ, ಒಮ್ಮೆ ನೋಡುವವನ ಕಣ್ಣಿಗಾಗಿ, ಹೀಗೆ ಎರಡು ಸಲ ನೆಲವನ್ನು ಕಪ್ಪಾಗಿಸುವ ಕಲೆ ಇದು.

ಇನ್ನು ನಮ್ಮ ಶಾಲೆಯ ಕರಿಹಲಗೆಗೆ ಬರೋಣ. ಅದು ಪಶ್ಚಿಮದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದುದೆಂದು ಪುಸ್ತಕಗಳು ಹೇಳುತ್ತವೆ, ಅದು ನಿಜವೂ ಹೌದು. ಆದರೆ ಕಡತವನ್ನು ಕಂಡಿದ್ದ ಕನ್ನಡಿಗರಿಗೆ ಕರಿಯ ನೆಲದ ಮೇಲೆ ಬಿಳಿಯ ಅಕ್ಷರ ಹೊಸದಾಗಿರಲಿಲ್ಲ. ನಾವು ಚಿಕ್ಕವರಾಗಿದ್ದಾಗ ಪಾಟಿಯು ಬೆಳ್ಳಗಾದರೆ ಗರಗದ ಸೊಪ್ಪನ್ನೂ ಇದ್ದಲನ್ನೂ ಸೇರಿಸಿ ತಿಕ್ಕುತ್ತಿದ್ದೆವು. ಯಾರೂ ಕಲಿಸದೆಯೇ ಕಡತದ ವಿದ್ಯೆ ನಮ್ಮ ಕೈಗೆ ಬಂದಿತ್ತು.

1987ರಲ್ಲಿ ಕೇಂದ್ರ ಸರಕಾರವು ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂಬ ಯೋಜನೆಯನ್ನು ಪ್ರಾಥಮಿಕ ಶಾಲೆಗಳಿಗಾಗಿ ಆರಂಭಿಸಿತು. ಯೋಜನೆಯ ಹೆಸರಿನಲ್ಲಿಯೇ ಹಲಗೆ ಇತ್ತೆಂಬುದು ಗಮನಾರ್ಹ. ನಾನು ಆಗ ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಹಲಗೆ ಇತ್ತು, ಕಪ್ಪು ಇರಲಿಲ್ಲ. ವರ್ಷಗಟ್ಟಲೆ ಸೀಮೆಸುಣ್ಣದ ಧೂಳು ಹಿಡಿದು ಅದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಂಟನೆಯ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಬಾಯಿಲೆಕ್ಕದಲ್ಲಿ ಚುರುಕಾಗಿದ್ದವಳು ಹಲಗೆಯಿಂದ ಬರೆದುಕೊಳ್ಳುವಾಗ ಮಾತ್ರ 3ನ್ನು 8 ಎಂದೂ, ಪ ಎಂಬುದನ್ನು ಷ ಎಂದೂ ಬರೆಯುತ್ತಿದ್ದಳು. ‘ಅವಳಿಗೆ ತಲೆಗೆ ಹತ್ತುವುದಿಲ್ಲ, ಮನೆಯಲ್ಲಿ ಮದುವೆಯ ಮಾತು ನಡೆದಿದೆಯಂತೆ, ಬಿಡಿ’ ಎಂದು ಶಿಕ್ಷಕರ ಕೊಠಡಿಯಲ್ಲಿ ಮಾತಾಯಿತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅವಳ ತಪ್ಪುಗಳೆಲ್ಲ ರೂಪಸಾಮ್ಯದ ತಪ್ಪುಗಳಾಗಿದ್ದವು, ತಿಳಿವಳಿಕೆಯ ತಪ್ಪುಗಳಾಗಿರಲಿಲ್ಲ. ಬಣ್ಣಕ್ಕೆ ಹಣ ಮಂಜೂರಾಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹಿರಿಯ ಹುಡುಗರೊಂದಿಗೆ ಕುಳಿತು ತೆಂಗಿನ ಚಿಪ್ಪಿನ ಇದ್ದಲನ್ನು ನುಣ್ಣಗೆ ಅರೆದು, ಹುಣಸೆ ಬೀಜದ ಅಂಟಿನಲ್ಲಿ ಕಲಸಿ, ಹಲಗೆಗೆ ಎರಡು ಕೈ ಬಳಿದೆವು. ಹೊಳಪು ಬರದಂತೆ ಎಚ್ಚರ ವಹಿಸಿದೆವು. ಏಕೆಂದರೆ ಹೊಳೆಯುವ ಕಪ್ಪು ಕಿಟಕಿಯ ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸಿ ಅಕ್ಷರವನ್ನು ನುಂಗಿಬಿಡುತ್ತದೆ. ಸೋಮವಾರ ಆ ಹುಡುಗಿ ಇಡೀ ಲೆಕ್ಕವನ್ನು ಒಂದೂ ತಪ್ಪಿಲ್ಲದೆ ಇಳಿಸಿಕೊಂಡಳು. ಅವಳ ತಂದೆಯವರನ್ನು ಕರೆಸಿ ಆ ಪುಟವನ್ನು ತೋರಿಸಿದೆ. ಅವಳು ಹತ್ತನೆಯ ತರಗತಿಯವರೆಗೂ ಓದಿದಳು. ಅವಳ ಕಣ್ಣು ದುರ್ಬಲವಾಗಿತ್ತೆಂಬುದು ಅನಂತರ ವೈದ್ಯರಿಂದ ತಿಳಿದುಬಂತು, ಕನ್ನಡಕವೂ ಬಂತು. ಆದರೆ ಕನ್ನಡಕಕ್ಕೆ ಮೊದಲು ಅವಳ ಕೈಹಿಡಿದುದು ಹಲಗೆಯ ಕಪ್ಪು.

ಇದರ ಹಿಂದಿನ ವಿಜ್ಞಾನವನ್ನೂ ಸ್ವಲ್ಪ ಹೇಳುವೆ. ಕಣ್ಣಿನ ವೈದ್ಯರ ಗೋಡೆಯ ಮೇಲೆ ಸಾಲು ಸಾಲಾಗಿ ಕಿರಿದಾಗುತ್ತ ಹೋಗುವ ಅಕ್ಷರಗಳ ಫಲಕವನ್ನು 1862ರಲ್ಲಿ ಡಚ್ ವೈದ್ಯ ಸ್ನೆಲೆನ್ ರೂಪಿಸಿದನು. ಅಲ್ಲಿ ಅಕ್ಷರವೆಲ್ಲ ಕಡುಗಪ್ಪು, ನೆಲವೆಲ್ಲ ಅಚ್ಚಬಿಳಿ. 1988ರಲ್ಲಿ ಪೆಲ್ಲಿ ಮತ್ತು ರಾಬ್ಸನ್ ಎಂಬವರು ಇನ್ನೊಂದು ಫಲಕವನ್ನು ಸಿದ್ಧಪಡಿಸಿದರು. ಅದರಲ್ಲಿ ಅಕ್ಷರಗಳ ಗಾತ್ರ ಒಂದೇ, ಆದರೆ ಅವು ಕೆಳಕೆಳಗೆ ಮಸುಕಾಗುತ್ತ ಹೋಗುತ್ತವೆ. ಮೊದಲನೆಯ ಫಲಕದಲ್ಲಿ ಉತ್ತೀರ್ಣರಾದವರು ಎರಡನೆಯದರಲ್ಲಿ ಎಡವುವುದುಂಟು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ, ಪೊರೆ ಬಂದರೆ ಬೆಳಕು ಒಳಗೆ ಚದರಿಹೋಗುತ್ತದೆ. ಆಗ ಕಪ್ಪು ಕಪ್ಪಾಗಿ ಕಾಣದು, ಬಿಳಿ ಬಿಳಿಯಾಗಿ ಕಾಣದು. ಅಕ್ಷರ ದೊಡ್ಡದಿದ್ದರೂ ಮಸುಕಾಗಿದ್ದರೆ ನಮ್ಮಂಥವರಿಗೆ ಪ್ರಯೋಜನವಿಲ್ಲ.

ಗಣಕಯಂತ್ರದ ಪರದೆಗಾಗಿ ಇದಕ್ಕೊಂದು ಲೆಕ್ಕವನ್ನೇ ಮಾಡಿದ್ದಾರೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಕಡುಗಪ್ಪಿನ ಪ್ರಕಾಶಮಾನವನ್ನು 0 ಎಂದೂ ಅಚ್ಚಬಿಳಿಯದನ್ನು 1 ಎಂದೂ ಹಿಡಿದು, ಎರಡು ಬಣ್ಣಗಳ ಮಾನಕ್ಕೂ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಕಪ್ಪು ಬಿಳುಪಿಗೆ 1.05 ಭಾಗಿಸು 0.05, ಅಂದರೆ 21. ಇದಕ್ಕಿಂತ ಹೆಚ್ಚಿನ ಅಂತರವಿಲ್ಲ. ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕೆಂಬುದು ನಿಯಮ. ಲೆಕ್ಕದ ಶಿಷ್ಯರು ಮಾಡಿ ನೋಡಬಹುದು: ಶುದ್ಧ ಹಳದಿಯ ಮಾನ 0.93, ಶುದ್ಧ ಕೆಂಪಿನದು 0.21. ಬಿಳಿಯ ಮೇಲೆ ಹಳದಿ ಬರೆದರೆ ಅಂತರ ಒಂದಕ್ಕಿಂತ ತುಸುವೇ ಹೆಚ್ಚು, ಅಂದರೆ ಬರೆದೂ ಬರೆಯದಂತೆ. ಅದೇ ಹಳದಿಯ ಮೇಲೆ ಕಪ್ಪು ಬರೆದರೆ 19ಕ್ಕೂ ಮಿಗಿಲು. ನಮ್ಮ ನಾಡಧ್ವಜದ ಹಳದಿ, ಕೆಂಪುಗಳ ನಡುವಿನ ಅಂತರ ಸುಮಾರು 3.7. ರಾಜ್ಯೋತ್ಸವದ ಬ್ಯಾನರಿನಲ್ಲಿ ಕೆಂಪಿನ ಮೇಲೆ ಹಳದಿಯ ದೊಡ್ಡ ಶೀರ್ಷಿಕೆ ಒಪ್ಪುತ್ತದೆ. ಅದರ ಕೆಳಗೆ ಅದೇ ಬಣ್ಣದಲ್ಲಿ ಸಣ್ಣದಾಗಿ ಮುದ್ರಿಸಿದ ಸಮಯ, ಸ್ಥಳ ಮುದುಕರಿಗೆ ಕಾಣುವುದಿಲ್ಲ. ಬಣ್ಣಗಳು ಬೇರೆಯಾಗಿದ್ದರಷ್ಟೇ ಸಾಲದು, ಅವುಗಳ ಪ್ರಕಾಶ ಬೇರೆಯಾಗಿರಬೇಕೆಂಬುದು ಇದರ ತಾತ್ಪರ್ಯ. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣಿನವರಿಗೆ ಈ ಪ್ರಕಾಶಭೇದವೇ ಆಧಾರ.

ಕೆಲವು ಕಡೆ ಇದನ್ನು ಚೆನ್ನಾಗಿ ಅರಿತು ಮಾಡಿದ್ದಾರೆ. ಬೀದರ-ಕಲಬುರಗಿ ರೈಲುಮಾರ್ಗವು 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು, ಹುಮನಾಬಾದ ಅದರ ಮೇಲಿನ ನಿಲ್ದಾಣ. ರೈಲು ನಿಲ್ದಾಣಗಳ ಹೆಸರಿನ ಫಲಕ ಹಳದಿಯ ಮೇಲೆ ಕಪ್ಪು, ಓಡುವ ಬಂಡಿಯಿಂದಲೂ ಓದಬಹುದು. ಪುಣೆ-ಹೈದರಾಬಾದ್ ಹೆದ್ದಾರಿಯ ಹಸಿರು ಫಲಕಗಳ ಮೇಲಿನ ಬಿಳಿಯ ಅಕ್ಷರಗಳೂ ಹಾಗೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾಹಿತಿಯು ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿದೆ.

ಇನ್ನು ಮನಸ್ಸಿಗೆ ನೋವಾಗುವ ಸಂಗತಿ. ನಮ್ಮ ಹಳ್ಳಿಗಳ ಗುಡಿಗಳಲ್ಲಿ ಎಂಟುನೂರು, ಒಂಬತ್ತುನೂರು ವರ್ಷಗಳ ಶಾಸನಗಳಿಗೆ ಭಕ್ತಿಯಿಂದಲೇ ಸುಣ್ಣ ಬಳಿಯುತ್ತಾರೆ, ಎಣ್ಣೆಬಣ್ಣ ಹಚ್ಚುತ್ತಾರೆ. ಪ್ರತಿ ಜಾತ್ರೆಗೆ ಒಂದು ಪದರ. ಹತ್ತು ಜಾತ್ರೆಗಳಲ್ಲಿ ಗೆರೆಗಳು ತುಂಬಿಹೋಗುತ್ತವೆ, ನೆರಳು ಬೀಳಲು ತಗ್ಗೇ ಉಳಿಯುವುದಿಲ್ಲ. ಪಡಿಯಚ್ಚು ತೆಗೆಯಲೂ ಬಾರದು. ಮಳೆ ಬಿಸಿಲುಗಳಿಗೆ ಅಳಿಯದೆ ಉಳಿದ ಬರೆಹವು ಒಂದು ಡಬ್ಬಿ ಬಣ್ಣಕ್ಕೆ ಅಳಿಯುತ್ತದೆ. ಫೋಟೋ ಚೆನ್ನಾಗಿ ಬರಲೆಂದು ಅಕ್ಷರಗಳ ಮೇಲೆ ಸೀಮೆಸುಣ್ಣದಿಂದ ತೀಡುವವರೂ ಇದ್ದಾರೆ. ಅವರು ತೀಡುವುದು ತಮಗೆ ತೋಚಿದ ಅಕ್ಷರವನ್ನು, ಕಲ್ಲಿನಲ್ಲಿರುವ ಅಕ್ಷರವನ್ನಲ್ಲ. ಬರೆದವನು ಓದುಗನಿಗಾಗಿ ಶ್ರಮಪಟ್ಟು ಮಾಡಿಟ್ಟ ಅಂತರವನ್ನು ನಾವು ಅಳಿಸಿದರೆ, ಮುಂದಿನವರು ಅಲ್ಲಿ ಏನಿತ್ತೆಂದು ಯಾರನ್ನು ಕೇಳಬೇಕು?

ಆದುದರಿಂದ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೇ. ನಿಮ್ಮೂರಿನ ಗುಡಿಯ ಜೀರ್ಣೋದ್ಧಾರದ ಸಭೆಯಲ್ಲಿ ಕುಳಿತಾಗ, ‘ಆ ಕಲ್ಲಿಗೆ ಬಣ್ಣ ಬೇಡ’ ಎಂಬ ಒಂದು ಮಾತನ್ನು ಹೇಳಿರಿ. ನಿಮ್ಮೊಡನೆ ಮಕ್ಕಳಿದ್ದರೆ ಸಂಜೆಯ ಓರೆ ಬಿಸಿಲಿನಲ್ಲಿ ಕನ್ನಡಿ ಹಿಡಿದು ಅದನ್ನು ತೋರಿಸಿರಿ. ಶಿಕ್ಷಕರಾದವರು ವರ್ಷಕ್ಕೊಮ್ಮೆ ಹಲಗೆಗೆ ಕಪ್ಪು ಬಳಿಸಿ, ಕೊನೆಯ ಬೆಂಚಿನಲ್ಲಿ ಒಮ್ಮೆ ತಾವೇ ಕುಳಿತು ಓದಿ ನೋಡಿರಿ. ಮದುವೆಯ ಕರೆಯೋಲೆ ಮುದ್ರಿಸುವವರು ದೇವರ ಹೆಸರನ್ನು ಹೊನ್ನಿನ ಬಣ್ಣದಲ್ಲಿ ಹಾಕಿಸಿ, ಸಂತೋಷ. ಮುಹೂರ್ತವನ್ನೂ ಊರಿನ ಹೆಸರನ್ನೂ ಮಾತ್ರ ಬಿಳಿಯ ಮೇಲೆ ಕಪ್ಪಿನಲ್ಲಿಯೇ ಹಾಕಿಸಿರಿ. ಹರಸಲು ಬರಬೇಕಾದ ಹಿರಿಯರು ಅದನ್ನು ಓದಿಯೇ ಹೊರಡಬೇಕಲ್ಲವೇ?

ಎಲ್ಲರಿಗೂ ಶುಭವಾಗಲಿ.